ಅಡುಗೆಕಟ್ಟೆಗೆ ಯಾವ ಕಲ್ಲು?

ಗುಡ್ಡ, ಕೆರೆ, ಗೋಮಾಳಗಳ ಕುರಿತು ಬರೆಯುವ ಈ ಪುಟದಲ್ಲಿ ಗ್ಯಾಸಿನ ಒಲೆ ಇಡುವ ಕಟ್ಟೆಯ ಕಲ್ಲಿನ ಮಾತೇಕೆ ಎಂದು ಕೆಲವರಾದರೂ ಕೇಳಬಹುದು. ಕಾರಣವಿದೆ. ಕಟಕೋಳದ ಸುತ್ತಿನ ನಮ್ಮ ಹಳ್ಳಿಗಳಲ್ಲಿ ಮಣ್ಣಿನ ಮಾಳಿಗೆಗಳು ಇಳಿದು ಆರ್‌ಸಿಸಿ ಮನೆಗಳು ಏಳುತ್ತಿವೆ. ಹೊಸ ಮನೆಗೆ ಹೊರಟವರು ಬಾಗಿಲಿನ ಕಟ್ಟಿಗೆಯ ಬಗ್ಗೆ ಹತ್ತು ಜನರನ್ನು ವಿಚಾರಿಸುತ್ತಾರೆ. ಅಡುಗೆಕಟ್ಟೆಯ ಕಲ್ಲನ್ನು ಮಾತ್ರ ಅಂಗಡಿಯವನು ತೋರಿಸಿದ ಹೊಳಪು ನೋಡಿ ಅರ್ಧ ಗಂಟೆಯಲ್ಲಿ ಗೊತ್ತುಮಾಡಿ ಬರುತ್ತಾರೆ. ಆ ಅರ್ಧ ಗಂಟೆಯ ಹಿಂದೆ ಯಾವುದೋ ಒಂದು ಗುಡ್ಡವಿರುತ್ತದೆ, ಯಾರದೋ ಪುಪ್ಪುಸವಿರುತ್ತದೆ.

ನಾನೂ ಹಾಗೆಯೇ ಮಾಡಿದವನು. ಗುಡ್ಡದ ಬುಡದಲ್ಲಿ ನಾವು ಮನೆ ಕಟ್ಟಿಸಿದಾಗ ಪಟ್ಟಣದ ಅಂಗಡಿಯೊಂದರಲ್ಲಿ ‘ಕಪ್ಪು ಗ್ರಾನೈಟ್’ ಎಂದು ಕೊಟ್ಟ ಹಲಗೆಯನ್ನು ನಂಬಿ ತಂದೆವು. ಗೃಹಪ್ರವೇಶದ ದಿನ ಕನ್ನಡಿಯಂತಿದ್ದ ಕಟ್ಟೆ ಯುಗಾದಿಯ ಹೊತ್ತಿಗೆ ಹುಣಸೆರಸದ ಪಾತ್ರೆ ಇಟ್ಟಲ್ಲೆಲ್ಲ ಬೂದುಬಣ್ಣದ ಬಳೆಯಂಥ ಕಲೆಗಳನ್ನು ಹೊತ್ತು ಕುಳಿತಿತ್ತು. ಅದು ಗ್ರಾನೈಟ್ ಆಗಿರಲಿಲ್ಲ. ಮೆರುಗು ಕೊಟ್ಟ ಕಡಪಾ ಕಲ್ಲು. “ಹೊಲದ ಮಣ್ಣಿಗೆಲ್ಲಾ ಆ್ಯಸಿಡ್ ಹಾಕಿ ನೋಡ್ತೀರಿ, ಮನಿ ಕಲ್ಲಿಗೆ ಒಂದ್ ಹನಿ ಹಾಕಿ ನೋಡೂದು ಆಗಲಿಲ್ಲೇನ್ರಿ?” ಎಂದು ಮನೆಯವರು ಕೇಳಿದ ಪ್ರಶ್ನೆಗೆ ಕೃಷಿ ವಿಜ್ಞಾನದ ಡಾಕ್ಟರೇಟಿನಲ್ಲಿ ಉತ್ತರವಿರಲಿಲ್ಲ.

ಆ ಪ್ರಶ್ನೆಯಲ್ಲಿಯೇ ಈ ವಿಷಯದ ಅರ್ಧ ವಿಜ್ಞಾನವಿದೆ. ನಮ್ಮ ಎರೆಮಣ್ಣಿನ ಮೇಲೆ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದ ಹನಿ ಬಿದ್ದರೆ ನೊರೆ ಬುಸುಗುಟ್ಟುತ್ತದೆ. ಮಣ್ಣಿನೊಳಗಿನ ಸುಣ್ಣ, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್, ಆಮ್ಲದೊಡನೆ ಸೇರಿ ಇಂಗಾಲಾಮ್ಲವನ್ನು ಬಿಡುಗಡೆ ಮಾಡುವುದೇ ಆ ನೊರೆ. ಕಡಪಾ, ಶಹಾಬಾದ, ತಾಳಿಕೋಟೆಯ ಫರಸಿ, ಅಮೃತಶಿಲೆ ಇವೆಲ್ಲ ಸುಣ್ಣದ ಮನೆತನದ ಕಲ್ಲುಗಳು. ನಿಂಬೆ, ಹುಣಸೆ, ಮಜ್ಜಿಗೆ, ಟೊಮೆಟೊ ಈ ನಾಲ್ಕರಲ್ಲಿ ಯಾವುದು ತಾಕಿದರೂ ಕಲ್ಲಿನ ಮೇಲ್ಪದರ ಕರಗಿ ಹೊಳಪು ಹೋಗುತ್ತದೆ. ಇದು ಉಜ್ಜಿದರೆ ಹೋಗುವ ಕಲೆಯಲ್ಲ, ಕಲ್ಲಿಗೇ ಆದ ಗಾಯ. ಗ್ರಾನೈಟಿನಲ್ಲಿ ಸುಣ್ಣದ ಬದಲು ಸ್ಫಟಿಕ ಮತ್ತು ಫೆಲ್ಡ್‌ಸ್ಪಾರ್ ಎಂಬ ಖನಿಜಗಳಿರುತ್ತವೆ. ಹುಣಸೆಹುಳಿ ಅವುಗಳನ್ನು ಏನೂ ಮಾಡಲಾರದು. ಗಡಸುತನದಲ್ಲಿಯೂ ಇದೇ ಅಂತರ. ಮೋಸ್ ಮಾಪಕದಲ್ಲಿ ಸುಣ್ಣದ ಕಲ್ಲಿನ ಖನಿಜ 3ರಲ್ಲಿದೆ, ಉಕ್ಕಿನ ಚಾಕು ಸುಮಾರು ಐದೂವರೆಯಲ್ಲಿ, ಫೆಲ್ಡ್‌ಸ್ಪಾರ್ 6ರಲ್ಲಿ, ಸ್ಫಟಿಕ 7ರಲ್ಲಿ. ಆದುದರಿಂದ ಚಾಕುವಿನ ತುದಿ ಗೀರಿದ್ದನ್ನು ಗ್ರಾನೈಟ್ ಎನ್ನಲಾಗದು.

ಅಂಗಡಿಗೆ ಹೋಗುವಾಗ ಕಿಸೆಯಲ್ಲೊಂದು ನಿಂಬೆಹಣ್ಣು ಇಟ್ಟುಕೊಳ್ಳಿ. ಹಲಗೆಯ ಮೂಲೆಯಲ್ಲಿ ನಾಲ್ಕು ಹನಿ ಹಿಂಡಿ, ಕಾಲು ಗಂಟೆ ಬಿಟ್ಟು ಒರೆಸಿ ನೋಡಿ. ಮಂಕಾದರೆ ಸುಣ್ಣದ ಕಲ್ಲು. ಅಂಗಡಿಯವನು ಬೇಡವೆಂದರೆ, ಬೇಡವೆಂದದ್ದೇ ಉತ್ತರ. ವಿಜ್ಞಾನ ಓದುವ ಮಕ್ಕಳು ತಮ್ಮ ಮನೆ, ಶಾಲೆ, ಗುಡಿಗಳ ಕಲ್ಲುಗಳ ತುಂಡು ಸಿಕ್ಕಿದಲ್ಲೆಲ್ಲ ಈ ಪರೀಕ್ಷೆ ಮಾಡಿ ಪಟ್ಟಿ ಬರೆದಿಡಬೇಕೆಂದು ನನ್ನ ಆಸೆ. ನಮ್ಮ ಸೀಮೆಯಲ್ಲಿ ಆ ಪಟ್ಟಿ ಸ್ವಾರಸ್ಯವಾಗಿಯೇ ಬರುತ್ತದೆ. ಏಕೆಂದರೆ ನಾವು ನಿಂತಿರುವುದು ನೂರು ಕೋಟಿ ವರ್ಷಗಳಿಗೂ ಹಿಂದಿನ ಒಂದು ಸಮುದ್ರದ ತಳದ ಮೇಲೆ. ಅದರ ಮರಳು ಗಟ್ಟಿಯಾಗಿ ಗುಡ್ಡಗಳಾಯಿತು. ಅದರ ಸುಣ್ಣದ ಕೆಸರು ಲೋಕಾಪುರ, ಬಾಗಲಕೋಟೆ, ಯಾದವಾಡದ ಕಡೆ ಸಿಮೆಂಟಿಗೆ ಹೋಗುವ ಸುಣ್ಣದಕಲ್ಲಾಯಿತು. ರಾಬರ್ಟ್ ಬ್ರೂಸ್ ಫೂಟ್ 1876ರಲ್ಲಿ ಪ್ರಕಟವಾದ ದಕ್ಷಿಣ ಮರಾಠಾ ಸೀಮೆಯ ಭೂವಿಜ್ಞಾನದ ವರದಿಯಲ್ಲಿ ಈ ಶಿಲಾಸ್ತರಗಳನ್ನು ಕಲಾದಗಿಯ ಹೆಸರಿನಿಂದ ವಿವರಿಸಿದ್ದಾರೆ.

ಹಾಗಾದರೆ ನಮ್ಮ ಗುಡ್ಡದ ಮರಳುಗಲ್ಲನ್ನೇ ಕಟ್ಟೆಗೆ ಹಾಕಬಾರದೇ ಎಂದು ಯುವಕರೊಬ್ಬರು ಕೇಳಿದರು. ಇದೇ ಜಾತಿಯ ಕಲ್ಲಿನಲ್ಲಿ ಚಾಲುಕ್ಯರು ಬಾದಾಮಿಯಲ್ಲಿ ಗುಹೆಗಳನ್ನು ಕೊರೆದರು. ಮೂರನೆಯ ಗುಹೆಯ ಮಂಗಲೇಶನ ಶಾಸನ ಕ್ರಿ.ಶ. 578ರದು. ದೇವರಿಗೆ ಒಗ್ಗಿದ ಕಲ್ಲು ಅಡುಗೆಗೆ ಒಗ್ಗುವುದಿಲ್ಲ. ಮರಳಿನ ಕಣಗಳ ನಡುವೆ ಸಣ್ಣ ಸಣ್ಣ ತೆರವುಗಳಿರುವುದರಿಂದ ಎಣ್ಣೆಯನ್ನೂ ಅರಿಷಿಣವನ್ನೂ ಅದು ಕುಡಿದುಬಿಡುತ್ತದೆ. ಮೆಟ್ಟಿಲಿಗೆ, ಅಂಗಳಕ್ಕೆ, ಗೋಡೆಗೆ ಅದರಷ್ಟು ಚೆಲುವಾದದ್ದಿಲ್ಲ, ಅಲ್ಲಿಯೇ ಇರಲಿ.

ನಮ್ಮ ಅಜ್ಜಿಯರಿಗೆ ಈ ಚಿಂತೆ ಇರಲಿಲ್ಲವೆಂಬುದೂ ನಿಜ. ಒಲೆ ನೆಲದಲ್ಲಿತ್ತು, ಒರಳೂ ಬೀಸುಕಲ್ಲೂ ನೆಲದಲ್ಲಿದ್ದವು, ಅಡುಗೆ ಕುಳಿತು ಮಾಡುವ ಕೆಲಸವಾಗಿತ್ತು. ನಿಂತು ಮಾಡುವ ಕಟ್ಟೆ ನಮ್ಮಲ್ಲಿ ವ್ಯಾಪಕವಾದದ್ದು ಗ್ಯಾಸಿನ ಜೊತೆಗೆ. ಅದರ ಎತ್ತರವನ್ನು, 32ರಿಂದ 34 ಇಂಚು, ನಾವು ನಗರದಿಂದ ಹಾಗೆಯೇ ತಂದೆವು. ಆದರೆ ನಗರದ ಕಟ್ಟೆಯ ಮೇಲೆ ಜೋಳದ ರೊಟ್ಟಿ ಬಡಿಯುವುದಿಲ್ಲ! ದಿನಕ್ಕೆ ಇಪ್ಪತ್ತು ರೊಟ್ಟಿ ಬಡಿಯುವ ತೋಳಿಗೆ ಆ ಎತ್ತರ ಹೆಚ್ಚು; ಭುಜ ನೋಯುತ್ತದೆ. ರೊಟ್ಟಿ ಬಡಿಯುವ ಭಾಗವನ್ನಾದರೂ ನಾಲ್ಕೈದು ಇಂಚು ತಗ್ಗಿಸಿರಿ. ಅಲ್ಲಿ ಹಲಗೆಯ ಕೆಳಗೆ ಅಡ್ಡಗೋಡೆಯ ಆಸರೆಯೂ ಇರಲಿ. ಆಸರೆಯಿಲ್ಲದೆ ಮೂರ್ನಾಲ್ಕು ಅಡಿ ಚಾಚಿದ ತೆಳು ಹಲಗೆ ದಿನದಿನದ ಬಡಿತಕ್ಕೆ ಒಂದು ದಿನ ಬಿರುಕು ಬಿಡುತ್ತದೆ. ದೋಷವನ್ನು ಕಲ್ಲಿನ ಮೇಲೆ ಹೊರಿಸಿ ಇನ್ನೊಂದು ಹಲಗೆ ತರುತ್ತೇವೆ.

ಈಗ ಚೆಲುವಿನ ಮಾತು. ಹಳ್ಳಿಯವರಿಗೆ ಒಳಾಂಗಣದ ಅಂದವೇಕೆ ಎನ್ನುವವರನ್ನು ನಾನು ಒಪ್ಪುವುದಿಲ್ಲ. ಪಡಸಾಲೆಯ ಕಂಬಕ್ಕೆ ಕೆತ್ತನೆ ಮಾಡಿಸಿದವರ ಮೊಮ್ಮಕ್ಕಳು ನಾವು. ಮನೆಯ ಬಗೆಯನ್ನು ನೋಡಿ ಕಲ್ಲನ್ನು ಆಯಬೇಕು. ಮಣ್ಣಿನ ಗೋಡೆ, ಸಾಗವಾನಿ ತೊಲೆ, ಮಾಳಿಗೆಯ ಬೆಳಕಿಂಡಿಯಿಂದ ಇಳಿಯುವ ಒಂದೇ ಕೋಲು ಬೆಳಕು ಇರುವ ಹಳೆಯ ಮನೆಯನ್ನು ಕೆಡವದೆ ದುರಸ್ತಿ ಮಾಡುತ್ತಿರುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಅಂಥ ಅಡುಗೆಮನೆಗೆ ಕನ್ನಡಿಯ ಹೊಳಪಿನ ಕಪ್ಪು ಕಲ್ಲು ಸಲ್ಲದು. ಬೆಳಕಿಂಡಿಯ ಬೆಳಕು ಅದರ ಮೇಲೆ ಒಂದೆಡೆ ಕಣ್ಣು ಕುಕ್ಕುತ್ತದೆ, ಉಳಿದೆಡೆ ಕತ್ತಲೆಯೇ. ಇಳಕಲ್ಲಿನ ಗುಲಾಬಿಗೆಂಪು ಗ್ರಾನೈಟನ್ನು ಅತಿಯಾದ ಮೆರುಗಿಲ್ಲದೆ ನುಣುಪು ಮಾತ್ರ ಮಾಡಿಸಿ ಹಾಕಿದರೆ ಮಣ್ಣಿನ ಬಣ್ಣಕ್ಕೂ ಕಟ್ಟಿಗೆಯ ಬಣ್ಣಕ್ಕೂ ಅದು ನೆಂಟಸ್ತಿಕೆ ಬೆಳೆಸುತ್ತದೆ. ನೆಲ ಕೆಂಪು ಗಾರೆಯದಾಗಿದ್ದರೆ ಮಾತ್ರ ಕೆಂಪಿನ ಮೇಲೆ ಕೆಂಪು ಜಗಳವಾಡುತ್ತದೆ. ಅಲ್ಲಿ ಬೂದುಬಣ್ಣದ ಗ್ರಾನೈಟ್ ಒಳ್ಳೆಯದು.

ಬಿಳಿ ಟೈಲ್ಸು, ದೊಡ್ಡ ಕಿಟಕಿಗಳ ಆರ್‌ಸಿಸಿ ಮನೆಗೆ ಕಪ್ಪು ಒಪ್ಪುತ್ತದೆ. ಚಾಮರಾಜನಗರದ ಕಡೆಯ ಪ್ರಸಿದ್ಧ ಕಪ್ಪು ಕಲ್ಲು ವ್ಯಾಪಾರಿಗಳ ಬಾಯಲ್ಲಿ ಗ್ರಾನೈಟ್, ಭೂವಿಜ್ಞಾನದಲ್ಲಿ ಡೋಲರೈಟ್. ಹುಳಿಗೂ ಕಾವಿಗೂ ಜಗ್ಗದ ಗಟ್ಟಿ ಕಲ್ಲು. ಅದರ ತೊಂದರೆ ಒಂದೇ: ನಮ್ಮ ಕೊಳವೆಬಾವಿಯ ಗಡಸು ನೀರಿನ ಹನಿ ಒಣಗಿದಲ್ಲೆಲ್ಲ ಬಿಳಿಯ ಚುಕ್ಕೆ ಎದ್ದು ಕಾಣುತ್ತದೆ. ಜೋಳದ ಹಿಟ್ಟಂತೂ ಸರಿಯೇ ಸರಿ. ಹಿಟ್ಟೂ ನೀರೂ ಸದಾ ಆಡುವ ಮನೆಗೆ ಚುಕ್ಕೆಚುಕ್ಕೆಯ ಬೂದು ಗ್ರಾನೈಟ್ ಹೆಚ್ಚು ಕ್ಷಮಾಶೀಲ.

ಶಹಾಬಾದ ಫರಸಿಯ ನೆಲವಿರುವ ಮನೆಯಲ್ಲಿ ಕಟ್ಟೆಗೂ ಅದೇ ಕಲ್ಲು ಹಾಕುವ ಮನಸ್ಸಾಗುವುದು ಸಹಜ. ನೆಲ, ಕಟ್ಟೆ ಒಂದೇ ಬೂದುನೀಲಿಯಾಗಿ ಹರಿದರೆ ಅಡುಗೆಮನೆ ತಂಪಾಗಿ ಕಾಣುತ್ತದೆ. ನಾನಾದರೆ ಪಾತ್ರೆ, ಕೊಡ ಇಡುವಲ್ಲಿ ಫರಸಿ ಹಾಕಿ, ತೊಳೆಯುವಲ್ಲಿ ಮತ್ತು ಹುಳಿ ಕಿವುಚುವಲ್ಲಿ ನಾಲ್ಕಡಿ ಗ್ರಾನೈಟ್ ಕೂರಿಸುತ್ತೇನೆ. ಇಡೀ ಕಟ್ಟೆ ಒಂದೇ ಕಲ್ಲಿನದಾಗಬೇಕೆಂಬ ನಿಯಮ ಯಾರು ಮಾಡಿದ್ದು? ಅಮೃತಶಿಲೆಯನ್ನಂತೂ ದೇವರ ಜಗಲಿಗೆ ಬಿಟ್ಟುಬಿಡೋಣ. ಇಪ್ಪತ್ತು ಮಿಲಿಮೀಟರ್ ದಪ್ಪದ ಕಲ್ಲು ಚದರಡಿಗೆ ಸುಮಾರು ಐದು ಕಿಲೊ ತೂಗುತ್ತದೆ. ಇಪ್ಪತ್ತು ಚದರಡಿಯ ಕಟ್ಟೆಯೆಂದರೆ ಒಂದು ಕ್ವಿಂಟಲ್. ರಾಜಸ್ಥಾನದ ಮಕರಾಣದಿಂದ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಅದನ್ನು ಹೊತ್ತು ತಂದು, ಅದರ ಮೇಲೆ ಹುಣಸೆಹಣ್ಣು ಕಿವುಚುವುದು ಯಾವ ಜಾಣತನ?

ಈಚೆಗೆ ಬೆಳಗಾವಿ, ಹುಬ್ಬಳ್ಳಿಯ ಅಂಗಡಿಗಳಲ್ಲಿ ಎಲ್ಲಕ್ಕಿಂತ ಮುಂದೆ ನಿಲ್ಲಿಸಿರುವುದು ‘ಕ್ವಾರ್ಟ್ಜ್’ ಎಂಬ ಕೃತಕ ಹಲಗೆ. ಕಲೆಯಿಲ್ಲದ ಬಿಳುಪು, ಧಾರಾವಾಹಿಗಳ ಅಡುಗೆಮನೆಯ ಅಂದ. ಇದು ಗಣಿಯಿಂದ ಕಡಿದ ಕಲ್ಲಲ್ಲ. ಪುಡಿಮಾಡಿದ ಸ್ಫಟಿಕಕ್ಕೆ ರಾಳ ಬೆರೆಸಿ ಒತ್ತಿ ಮಾಡಿದ್ದು. ತೊಂಬತ್ತು ಪ್ರತಿಶತದಷ್ಟು ಸ್ಫಟಿಕವೇ ಇರುತ್ತದೆ. ಒಲೆಯಿಂದ ಇಳಿಸಿದ ರೊಟ್ಟಿಯ ಹಂಚನ್ನು ಅದರ ಮೇಲಿಟ್ಟರೆ ರಾಳ ಸುಟ್ಟು ಹಳದಿ ಕಲೆ ಉಳಿಯುತ್ತದೆ. ಅದಕ್ಕಿಂತ ದೊಡ್ಡದು ಅದನ್ನು ಕತ್ತರಿಸುವವನ ಕಥೆ. ಸ್ಫಟಿಕ ಎಂದರೆ ಸಿಲಿಕಾ. ಅದರ ಕಣ್ಣಿಗೆ ಕಾಣದ ಧೂಳು ಪುಪ್ಪುಸದ ಆಳಕ್ಕಿಳಿದರೆ ಅಲ್ಲಿಯೇ ಗಾಯ ಮಾಡಿ ಕಲೆಗಟ್ಟಿಸುತ್ತದೆ. ಅದೇ ಸಿಲಿಕೋಸಿಸ್. ಕಲೆಗಟ್ಟಿದ ಪುಪ್ಪುಸವನ್ನು ಮೊದಲಿನಂತೆ ಮಾಡುವ ಔಷಧವಿಲ್ಲ. ಕಾನೂನಿನಡಿ ಇದು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗ. ಕೃತಕ ಹಲಗೆ ಕತ್ತರಿಸುತ್ತಿದ್ದ ತರುಣ ಕಾರ್ಮಿಕರಲ್ಲಿ ಈ ರೋಗ ಮೇಲಿಂದ ಮೇಲೆ ಕಂಡುಬಂದ ಮೇಲೆ ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಅದನ್ನು ನಿಷೇಧಿಸಿತು. ಹಾಗೆ ಮಾಡಿದ ಮೊದಲ ದೇಶ ಅದು.

ಗ್ರಾನೈಟ್ ನಿರಪರಾಧಿಯೇ? ಅಲ್ಲ. ಅದರಲ್ಲಿಯೂ ನಾಲ್ಕನೆಯ ಒಂದು ಭಾಗದಷ್ಟೋ ಅದಕ್ಕಿಂತ ಹೆಚ್ಚೋ ಸ್ಫಟಿಕವಿರುತ್ತದೆ. ಮರಳುಗಲ್ಲಿನಲ್ಲಿ ಬಹುಪಾಲು ಅದೇ. ಸುಣ್ಣದ ಕಲ್ಲುಗಳಲ್ಲಿ, ಡೋಲರೈಟಿನಲ್ಲಿ ತೀರ ಕಡಿಮೆ. ನಮ್ಮ ಹಳ್ಳಿಗಳಲ್ಲಿ ಕಟ್ಟೆಯ ಕಲ್ಲು ಕೂರಿಸುವುದನ್ನು ನೋಡಿದ್ದೀರಲ್ಲ: ಗೌಂಡಿಯ ಜೊತೆಗೆ ಬಂದ ಹದಿನೆಂಟರ ಹುಡುಗ ಮುಚ್ಚಿದ ಅಡುಗೆಮನೆಯಲ್ಲಿಯೇ ಕಟ್ಟರ್ ಹಿಡಿದು, ಮುಖಕ್ಕೊಂದು ಕರವಸ್ತ್ರ ಕಟ್ಟಿ, ಒಲೆಗೂ ನಳಕ್ಕೂ ತೂತು ಕೊರೆಯುತ್ತಾನೆ. ಕೋಣೆ ತುಂಬ ಬಿಳಿ ಹೊಗೆಯಂಥ ಧೂಳು. ಕರವಸ್ತ್ರ ಆ ಧೂಳನ್ನು ತಡೆಯದು. ತಡೆಯುವುದು ನೀರು. ಅಳತೆ ಬರೆದುಕೊಟ್ಟು, ನೀರು ಹರಿಸುತ್ತ ಕೊಯ್ಯುವ ಯಂತ್ರವಿರುವಲ್ಲಿಯೇ ಕೊಯ್ಸಿ ತರಬೇಕು. ಮನೆಯಲ್ಲಿ ಕೊರೆಯಲೇಬೇಕಾದರೆ ಅಂಗಳದಲ್ಲಿ, ಒಬ್ಬರು ಬ್ಲೇಡಿನ ಮೇಲೆ ನೀರು ಬಿಡುತ್ತಿರುವಾಗ ಮಾತ್ರ. ಯಂತ್ರವೂ ನೀರಿನೊಡನೆ ಬಳಸಲೆಂದೇ ಮಾಡಿದ್ದಾಗಿರಬೇಕು, ಇಲ್ಲವಾದರೆ ವಿದ್ಯುತ್ತಿನ ಅಪಾಯ. ಈ ಷರತ್ತನ್ನು ಹಾಕಬೇಕಾದವರು ಹಣ ಕೊಡುವ ನಾವು. ಹುಡುಗ ತಾನಾಗಿ ಕೇಳಲಾರ.

ಇನ್ನು ಗುಡ್ಡದ ಲೆಕ್ಕ. ಗಣಿಯಲ್ಲಿ ಒಡೆದ ಕಲ್ಲಿನಲ್ಲಿ ಅರ್ಧಕ್ಕಿಂತ ಕಡಿಮೆ ಭಾಗ ಹಲಗೆಯಾಗಿ ಅಂಗಡಿ ಸೇರುತ್ತದೆ. ಉಳಿದದ್ದು ಗುಡ್ಡದ ಇಳಿಜಾರಿನಲ್ಲಿ ರಾಶಿ ಬೀಳುತ್ತದೆ. ಆ ರಾಶಿ ಹಳ್ಳವನ್ನು ಕಟ್ಟುತ್ತದೆ, ಧೂಳು ಪಕ್ಕದ ಹೊಲದ ಎಲೆಗಳ ಮೇಲೆ ಕೂಡುತ್ತದೆ. ಒಂದಿಂಚು ಮೇಲ್ಮಣ್ಣು ಹುಟ್ಟಲು ಶತಮಾನಗಳು ಬೇಕು. ಜೆಸಿಬಿಗೆ ಒಂದು ಮುಂಜಾನೆ ಸಾಕು. ‘ಐದು ಹೆಕ್ಟೇರಿನೊಳಗಿನ ಸಣ್ಣ ಗಣಿ, ಪರಿಸರ ಅನುಮತಿ ಬೇಕಿಲ್ಲ’ ಎಂದು ಯಾರಾದರೂ ಊರಲ್ಲಿ ಹೇಳಿದರೆ, ಸರ್ವೋಚ್ಚ ನ್ಯಾಯಾಲಯ 2012ರ ಫೆಬ್ರವರಿ 27ರಂದು ದೀಪಕ್ ಕುಮಾರ್ ಪ್ರಕರಣದಲ್ಲಿ ಅಂಥ ಗಣಿಗಳಿಗೂ ಅನುಮತಿ ಬೇಕೆಂದು ಹೇಳಿದ್ದನ್ನು ನೆನಪಿಸಿರಿ. ಅನುಮತಿಯ ಪ್ರತಿಯನ್ನು ಪಂಚಾಯಿತಿಯಲ್ಲಿ ಕೇಳಿ ಪಡೆಯಿರಿ.

ಕಲ್ಲೇ ಬೇಡವೆಂದು ನಾನು ಹೇಳುತ್ತಿಲ್ಲ. ಒಮ್ಮೆ ಸರಿಯಾಗಿ ಕೂರಿಸಿದ ಗ್ರಾನೈಟ್ ಹಲಗೆ ಮೊಮ್ಮಕ್ಕಳ ಕಾಲಕ್ಕೂ ಇರುತ್ತದೆ. ಐದು ವರ್ಷಕ್ಕೊಮ್ಮೆ ಬಣ್ಣ ಬೇಸರವಾಯಿತೆಂದು ಬದಲಿಸುವುದು ಗುಡ್ಡಕ್ಕೆ ಭಾರ. ಅಂಗಡಿಗಳ ಹಿತ್ತಲಲ್ಲಿ ದೊಡ್ಡ ಮನೆಗಳ ಕೆಲಸದಿಂದ ಉಳಿದ ತುಂಡುಗಳ ಸಾಲೇ ಇರುತ್ತದೆ. ನಮ್ಮ ಕಟ್ಟೆಗಳಿಗೆ ಅವು ಧಾರಾಳವಾಗಿ ಸಾಕು, ಬೆಲೆಯೂ ಇಳಿಯುತ್ತದೆ. ಹಳೆಯ ಮನೆ ಕೆಡವಿದಲ್ಲಿ ಸಿಗುವ ಫರಸಿಯನ್ನು ಮಣ್ಣಿನಡಿ ಹೂಳದೆ ಕೇಳಿ ತರಬಹುದು.

ನಮ್ಮ ಮನೆಯ ಕಟ್ಟೆಗೆ ಹೋದ ವರ್ಷ ಇಂಥ ಎರಡು ಇಳಕಲ್ ತುಂಡುಗಳನ್ನು ತಂದು ಕೂರಿಸಿದೆವು. ಎರಡರ ಬಣ್ಣ ತುಸು ಬೇರೆ. ಬಂದವರಲ್ಲಿ ಕೆಲವರು ಕೇಳುತ್ತಾರೆ. ಅಂಗಳದಲ್ಲಿ ಕೊರೆಯುವಾಗ ಬ್ಲೇಡಿನ ಮೇಲೆ ನೀರು ಬಿಡುವ ಕೆಲಸ ನನ್ನದಾಗಿತ್ತು. ಕಲೆ ಬಿದ್ದ ಕಡಪಾ ಹಲಗೆಯನ್ನು ಎಸೆಯಲಿಲ್ಲ. ಅದು ಹಿತ್ತಲ ಬಾಗಿಲ ಪಕ್ಕದಲ್ಲಿದೆ, ಅದರ ಮೇಲೆ ಕುಡಿಯುವ ನೀರಿನ ಕೊಡಗಳಿವೆ.