‘ತಿಳಿದುಬಂದಿಲ್ಲ’ ಎಂಬ ಉತ್ತರದ ವಿಷಯ



ಕಳೆದ ವರುಷ ನಮ್ಮ ಹತ್ತನೆಯ ತರಗತಿಯ ಕಿರುಪರೀಕ್ಷೆಯಲ್ಲಿ, 1971ರ ಯುದ್ಧದಲ್ಲಿ ಪಾಕಿಸ್ತಾನದ ‘ಘಾಜಿ’ ಎಂಬ ಜಲಾಂತರ್ಗಾಮಿ ನೌಕೆಯನ್ನು ಮುಳುಗಿಸಿದ ಹಡಗು ಯಾವುದು ಎಂದು ಒಂದು ಅಂಕದ ಪ್ರಶ್ನೆ ಕೇಳಲ್ಪಟ್ಟಿತ್ತು. ಬೆಂಗರೆಯಿಂದ ದೋಣಿ ದಾಟಿ ಬರುವ ಒಬ್ಬ ಹುಡುಗಿಯು ‘ನಿಶ್ಚಯವಾಗಿ ತಿಳಿದುಬಂದಿಲ್ಲ’ ಎಂದು ಬರೆದಳು. ತಿದ್ದಿದ ಉಪಾಧ್ಯಾಯಿನಿಯವರು ಸೊನ್ನೆಯನ್ನಿತ್ತರು. ಉತ್ತರಪತ್ರಿಕೆಯು ನಮ್ಮ ಮೇಜಿಗೆ ಬಂದಾಗ ನಾವು ಆ ಒಂದು ಅಂಕವನ್ನು ಕೊಡಿಸಿದೆವು. ಇದರಿಂದ ಕೆಲವು ಹೆತ್ತವರಿಗೆ ಅಸಮಾಧಾನವಾಯಿತು. ದೇಶಾಭಿಮಾನವನ್ನು ಕಲಿಸಬೇಕಾದ ಶಾಲೆಯಲ್ಲಿ ಸಂದೇಹವನ್ನು ಕಲಿಸುವುದೇ ಎಂದು ಒಬ್ಬರು ಕೇಳಿದರು. ಅವರು ಮರ್ಯಾದೆಯಿಂದ ಕೇಳಿದರು. ಮರ್ಯಾದೆಯಿಂದಲೇ ಉತ್ತರ ಹೇಳುವುದು ನಮ್ಮ ಕರ್ತವ್ಯ.

ನಡೆದ ಸಂಗತಿಯನ್ನು ಮೊದಲು ತಿಳಿಸುವೆವು. ‘ಘಾಜಿ’ಯು ಅಮೇರಿಕದಲ್ಲಿ ಕಟ್ಟಲ್ಪಟ್ಟ ನೌಕೆ; 1964ರಲ್ಲಿ ಪಾಕಿಸ್ತಾನದ ಕೈಗೆ ಬಂದಿತು. 1971ರ ನವೆಂಬರ್ 14ರಂದು ಅದು ಕರಾಚಿಯಿಂದ ಹೊರಟಿತು. ನಮ್ಮ ‘ವಿಕ್ರಾಂತ’ವೆಂಬ ವಿಮಾನವಾಹಕ ನೌಕೆಯನ್ನು ಹುಡುಕಿ ಕೆಡವುವುದೂ ವಿಶಾಖಪಟ್ಟಣದ ಎದುರಿನಲ್ಲಿ ಮೈನುಗಳೆಂಬ ಸಿಡಿಗುಂಡುಗಳನ್ನಿಡುವುದೂ ಅದಕ್ಕೆ ಒಪ್ಪಿಸಲ್ಪಟ್ಟ ಕೆಲಸ. ಕರಾಚಿಯಿಂದ ಅಲ್ಲಿಗೆ ಹೋಗಬೇಕಾದರೆ ಅರಬ್ಬೀ ಸಮುದ್ರದಲ್ಲಿ ತೆಂಕಣಕ್ಕಿಳಿದು ಸಿಂಹಳವನ್ನು ಸುತ್ತಲೇಬೇಕು. ಹಾಗಾದರೆ ಆ ನವೆಂಬರಿನಲ್ಲಿ ನಮ್ಮ ಕರಾವಳಿಯ ಪಡುವಣ ಕಡಲನ್ನು ಎಷ್ಟೋ ದೂರದಲ್ಲಿ, ಯಾರಿಗೂ ಕಾಣದೆ, ಅದು ದಾಟಿಹೋಯಿತು.

ದಶಂಬರ 3ರ ನಡುರಾತ್ರಿಯ ಸುಮಾರಿಗೆ ವಿಶಾಖಪಟ್ಟಣದ ಹೊರಗೆ ಕಡಲಿನಲ್ಲಿ ಮಹಾ ಸ್ಫೋಟವಾಯಿತು. ಅನಂತರ ಅಲ್ಲಿನ ಮೀನುಗಾರರಿಗೆ ನೀರಿನ ಮೇಲೆ ತೇಲುವ ಚೂರುಪಾರುಗಳು ಸಿಕ್ಕಿದುವು. ನೌಕೆಯಲ್ಲಿದ್ದ ತೊಂಬತ್ತಕ್ಕೂ ಮೇಲ್ಪಟ್ಟ ಜನರಲ್ಲಿ ಒಬ್ಬನೂ ಉಳಿಯಲಿಲ್ಲ. ನಮ್ಮ ‘ರಾಜಪೂತ’ ಹಡಗು ನೀರಿನೊಳಗೆ ಸಿಡಿಯುವ ಗುಂಡುಗಳನ್ನು ಎಸೆದದ್ದರಿಂದ ಅದು ನಾಶವಾಯಿತೆಂದು ನಮ್ಮ ನೌಕಾಪಡೆಯವರು ಹೇಳುತ್ತಾರೆ. ತಾನಿಟ್ಟ ಮೈನಿನಿಂದಲೋ ಒಳಗಿನ ಸ್ಫೋಟದಿಂದಲೋ ಅದು ಒಡೆಯಿತೆಂದು ಪಾಕಿಸ್ತಾನದವರು ಹೇಳುತ್ತಾರೆ. ‘ರಾಜಪೂತ’ವು ಗುಂಡುಗಳನ್ನೆಸೆದದ್ದು ನಿಜ, ನೌಕೆಯು ಮುಳುಗಿದ್ದೂ ನಿಜ. ಒಂದು ಮತ್ತೊಂದಕ್ಕೆ ಕಾರಣವೇ ಎಂಬಲ್ಲಿ ಮಾತ್ರ ಉಭಯರೂ ಒಪ್ಪುವ ಸಾಕ್ಷ್ಯವಿಲ್ಲ. 2024ರಲ್ಲಿ ನಮ್ಮ ನೌಕಾಪಡೆಯು ಅದರ ಅವಶೇಷವನ್ನು ಹೊಸ ಸಾಧನದಿಂದ ಕಂಡುಹಿಡಿಯಿತು. ಆದರೂ ವಾದವು ತೀರಲಿಲ್ಲ. ಆ ಹುಡುಗಿಯು ಬರೆದದ್ದು ಇಷ್ಟನ್ನೇ.

‘ಘಾಜಿ’ಯ ನಾಶವನ್ನು ನಮ್ಮವರು ಪ್ರಕಟಿಸಿದ್ದು ದಶಂಬರ 9ರಂದು. ಅದೇ ದಿನ ರಾತ್ರಿ ದೀವಿನ ಹತ್ತಿರ ಪಾಕಿಸ್ತಾನದ ಇನ್ನೊಂದು ಜಲಾಂತರ್ಗಾಮಿಯು ನಮ್ಮ ‘ಖುಕ್ರಿ’ ಹಡಗನ್ನು ಮುಳುಗಿಸಿತು. 18 ಅಧಿಕಾರಿಗಳೂ 176 ನಾವಿಕರೂ, ಅವರೊಂದಿಗೆ ಕಪ್ತಾನ ಮಹೇಂದ್ರನಾಥ ಮುಲ್ಲರೂ ಹೋದರು. ಜಯದ ವಾರ್ತೆಯನ್ನು ಕೇಳಿದ ಊರುಗಳಲ್ಲೇ ಕೆಲವು ಮನೆಗಳಿಗೆ ಮರಣದ ವಾರ್ತೆಯು ಬರಬೇಕಾಗಿತ್ತು. ಈ ಎರಡನ್ನೂ ಒಂದೇ ಪಾಠದಲ್ಲಿ ಹೇಳಬೇಕೆಂಬುದು ನಮ್ಮ ಅಭಿಪ್ರಾಯ.

ಆದರೆ ‘ಖುಕ್ರಿ’ಯ ಮನೆಯವರಿಗೆ ಹೇಳಲು ಸಾಕ್ಷಿಗಳಾದರೂ ಉಳಿದಿದ್ದರು. ಜಲಾಂತರ್ಗಾಮಿಯ ಗತಿ ಬೇರೆ. ಅಡಗಿರುವುದೇ ಅದರ ಬಲವಾದ ಕಾರಣ ಅದು ದಿನಗಟ್ಟಲೆ ಮಾತಾಡದೆ ಇರತಕ್ಕದ್ದು. ರೇಡಿಯೋ ಸುದ್ದಿ ಕಳುಹಿಸಿದರೆ ವೈರಿಗೆ ಜಾಡು ಸಿಗುವುದು. ಆದಕಾರಣ ಅದು ಕುಶಲವಾಗಿರುವಾಗಲೂ ಮೌನ, ಸತ್ತ ಮೇಲೂ ಮೌನ. ಬರಬೇಕಾದ ದಿನ ಬಾರದಿದ್ದರೆ ಮಾತ್ರ ದಡದವರಿಗೆ ಅನುಮಾನ ಹುಟ್ಟುವುದು. ಎರಡನೆಯ ಮಹಾಯುದ್ಧದಲ್ಲಿ ಅಮೇರಿಕದವರು ಇಂಥ 52 ನೌಕೆಗಳನ್ನು ಕಳಕೊಂಡರು. ‘ಅವಧಿ ಮೀರಿದೆ, ನಷ್ಟವಾಯಿತೆಂದು ಭಾವಿಸಲಾಗಿದೆ’ ಎಂಬಷ್ಟೇ ಮಾತು ಎಷ್ಟೋ ಮನೆಗಳಿಗೆ ಬಂದಿತು. ಜರ್ಮನಿಯ ಜಲಾಂತರ್ಗಾಮಿಗಳಲ್ಲಿ ದುಡಿದ ಸುಮಾರು 40,000 ಮಂದಿಯಲ್ಲಿ ಸುಮಾರು 30,000 ಮಂದಿ ಹಿಂತಿರುಗಲಿಲ್ಲ.

ಇವುಗಳಲ್ಲಿ ಒಂದರ ಹೆಸರು ನಮ್ಮ ದೇಶದ ಚರಿತ್ರೆಯಲ್ಲಿಯೂ ಉಂಟು. 1943ರ ಫೆಬ್ರವರಿಯಲ್ಲಿ ನೇತಾಜಿ ಸುಭಾಷಚಂದ್ರ ಬೋಸರನ್ನು ಜರ್ಮನಿಯ ಕೀಲ್ ರೇವಿನಿಂದ ಕರಕೊಂಡು ಹೊರಟ ನೌಕೆ ಯು-180. ಏಪ್ರಿಲ್ ತಿಂಗಳಲ್ಲಿ ಮಡಗಾಸ್ಕರದ ಕಡೆಯ ಕಡಲಿನಲ್ಲಿ ಅವರು ಜಪಾನಿನ ಐ-29 ಎಂಬ ಜಲಾಂತರ್ಗಾಮಿಗೆ ದಾಟಿದರು. ಈ ಐ-29 ಅದಕ್ಕೆ ಐದು ತಿಂಗಳ ಹಿಂದೆ ಮುಂಬಯಿಯಿಂದ ಆಫ್ರಿಕಕ್ಕೆ ಪ್ರಯಾಣಿಕರನ್ನು ಒಯ್ಯುತ್ತಿದ್ದ ‘ತಿಲವ’ ಹಡಗನ್ನು ಕೆಡವಿ 280 ಜನರ ಸಾವಿಗೆ ಕಾರಣವಾಗಿತ್ತೆಂಬುದನ್ನು ನಮ್ಮ ಮಕ್ಕಳಲ್ಲಿ ಬಹು ಕೆಲವರೇ ಅರಿತಿದ್ದಾರೆ. ಮುಂದೆ 1944ರ ಆಗಸ್ಟಿನಲ್ಲಿ ಯು-180 ಫ್ರಾನ್ಸಿನಿಂದ ಮೂಡಣ ದೇಶಗಳ ಕಡೆಗೆ ಹೊರಟು ಬಿಸ್ಕೇ ಕೊಲ್ಲಿಯಲ್ಲಿ 56 ಜನರ ಸಹಿತ ಕಾಣೆಯಾಯಿತು. ಮೈನಿಗೆ ತಗಲಿತೆಂದು ಬಹುಕಾಲ ದಾಖಲಾಗಿತ್ತು. ಆಮೇಲೆ ವಿಚಾರಿಸಿದವರು ಅದನ್ನೂ ಸಂಶಯಿಸಿದ್ದಾರೆ.

ಇದೆಲ್ಲ ದೂರದ ಮಾತೆಂದು ಎಣಿಸುವವರು ಮಲ್ಪೆಯನ್ನು ನೆನಸಲಿ. ಅಲ್ಲಿ ಯುದ್ಧವಿರಲಿಲ್ಲ. 2018ರ ದಶಂಬರದಲ್ಲಿ ‘ಸುವರ್ಣ ತ್ರಿಭುಜ’ ಎಂಬ ಬೋಟು ಏಳು ಮಂದಿ ಮೀನುಗಾರರೊಂದಿಗೆ ಹೊರಟು, 15ರ ರಾತ್ರಿಯ ಮೇಲೆ ಸುದ್ದಿಯಿಲ್ಲದೆ ಹೋಯಿತು. ಹುಡುಕಬೇಕೆಂದು ಜನವರಿಯಲ್ಲಿ ಸಾವಿರಾರು ಜನರು ಬೀದಿಗಿಳಿದರು. ಮೇ ತಿಂಗಳ ಮೊದಲಲ್ಲಿ ನೌಕಾಪಡೆಯ ‘ನಿರೀಕ್ಷಕ’ ಹಡಗು ಮಹಾರಾಷ್ಟ್ರದ ಮಾಲವಣದ ಹೊರಗೆ ಕಡಲ ತಳದಲ್ಲಿ ಬೋಟಿನ ಅವಶೇಷವನ್ನು ಕಂಡಿತು. ನಾಲ್ಕೂವರೆ ತಿಂಗಳು ಆ ಏಳು ಮನೆಗಳ ಹೆಂಗಸರು ಕುಂಕುಮವನ್ನು ಇಡಬೇಕೋ ಅಳಿಸಬೇಕೋ ಎಂದರಿಯದೆ ಕುಳಿತದ್ದನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ. ಈ ಸಂಚಿಕೆಯನ್ನು ಓದುವ ಬೋಳಾರ, ಉಳ್ಳಾಲಗಳ ತಾಯಂದಿರು ನಮಗಿಂತ ಚೆನ್ನಾಗಿ ಬಲ್ಲರು.

ಇಂಥವರಿಗೆ ಧೈರ್ಯಕ್ಕಾಗಿಯೋ ಹೆಮ್ಮೆಗಾಗಿಯೋ ಒಂದು ಕಥೆಯನ್ನು ಕಟ್ಟಿ ಹೇಳುವುದು ಸುಲಭ. ಹೇಳುವವನ ಮನಸ್ಸು ಅದರಿಂದ ಹಗುರವಾಗುತ್ತದೆ, ಕಾಯುವವಳದ್ದು ಆಗುವುದಿಲ್ಲ. ತಿಳಿದಷ್ಟನ್ನು ತಿಳಿದಿದೆಯೆಂದೂ ತಿಳಿಯದ್ದನ್ನು ತಿಳಿಯದೆಂದೂ ಹೇಳಿಸಿಕೊಳ್ಳುವ ಹಕ್ಕು ಆಕೆಗೆ ಉಂಟು. ವೈರಿಯ ನೌಕೆಯಲ್ಲಿ ಹೋದವನ ತಾಯಿಗೂ ಉಂಟು. ಇದನ್ನು ಕಲಿಸಿದರೆ ದೇಶಾಭಿಮಾನಕ್ಕೆ ಕುಂದೆಂದು ನಮಗೆ ತೋರುವುದಿಲ್ಲ. ವಿಶಾಖಪಟ್ಟಣವನ್ನು ಕಾದವರ ಶೌರ್ಯವು ಒಂದು ಅಂಕದ ಮೇಲೆ ನಿಂತಿಲ್ಲ.

ಸೊನ್ನೆ ಕೊಟ್ಟ ಉಪಾಧ್ಯಾಯಿನಿಯವರ ತಪ್ಪೇನೂ ಇಲ್ಲ. ಅವರ ಮುಂದಿದ್ದ ಕೀಲಿ ಉತ್ತರದಲ್ಲಿ ಹಡಗಿನ ಹೆಸರು ಅಚ್ಚಾಗಿತ್ತು. ಆ ಹುಡುಗಿಯನ್ನು ಕರೆದು, ಇದನ್ನು ಯಾವ ಪುಸ್ತಕದಲ್ಲಿ ಓದಿದೆಯೆಂದು ಕೇಳಿದೆವು. ಗ್ರಂಥಾಲಯದಲ್ಲಿ ಎರಡು ಕಡೆ ಎರಡು ವಿಧವಾಗಿ ಬರೆದಿತ್ತು ಎಂದಳು. ಸ್ವಲ್ಪ ಹೊತ್ತು ತಡೆದು, ‘ನಮ್ಮ ಮಾವನ ಬೋಟಿನ ವಿಷಯವೂ ಮನೆಯಲ್ಲಿ ಹಾಗೆಯೇ ಹೇಳುವುದು, ಟೀಚರ್’ ಎಂದಳು. ಆ ವಿಷಯವನ್ನು ನಾವು ಮತ್ತೆ ಕೇಳಲಿಲ್ಲ.

ಈ ವರುಷ ಪ್ರಶ್ನೆಯನ್ನು ಬದಲಾಯಿಸಿದ್ದೇವೆ: ‘ಘಾಜಿ ಮುಳುಗಿದ ವಿಷಯದಲ್ಲಿ ಉಭಯ ಪಕ್ಷದವರು ಹೇಳುವುದೇನು? ಯಾವುದಕ್ಕೆ ಸಾಕ್ಷ್ಯ ಉಂಟು, ಯಾವುದಕ್ಕೆ ಇಲ್ಲ?’ ಅಂಕಗಳು ಮೂರು.