ಹೆಸರನ್ನು ಕೊಂಡಿಡುವುದು ಹೂಡಿಕೆಯೇ?

ಕಳೆದ ವರ್ಷ ಮುಂಬಯಿಯಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಗಳ ಕೂಟವು ಅಂತರಜಾಲದಲ್ಲಿ ತನ್ನದೊಂದು ತಾಣವನ್ನು ತೆರೆಯಲು ನಿಶ್ಚಯಿಸಿತು. ಕೂಟದ ಹೆಸರೂ, ಅದರ ಕೊನೆಗೆ ಭಾರತವನ್ನು ಸೂಚಿಸುವ ‘ಇನ್’ ಎಂಬ ಅಕ್ಷರಗಳೂ ಇರುವ ವಿಳಾಸ ದೊರೆತರೆ ಸಾಕೆಂಬುದು ಅವರ ಬಯಕೆಯಾಗಿದ್ದಿತು. ವಿಚಾರಿಸಲಾಗಿ, ಅಪರಿಚಿತರೊಬ್ಬರು ಆ ಹೆಸರನ್ನು ಮೊದಲೇ ಹಿಡಿದಿಟ್ಟು, ತಾಣದಲ್ಲಿ ಬೇರೇನನ್ನೂ ಇಡದೆ, ‘ಮಾರಾಟಕ್ಕಿದೆ’ ಎಂಬ ಫಲಕವನ್ನು ಮಾತ್ರ ತೂಗಹಾಕಿದ್ದುದು ತಿಳಿದುಬಂದಿತು. ಅವರು ಕೇಳಿದ ಬೆಲೆಯಾದರೋ ಕೂಟವು ವರ್ಷವೊಂದಕ್ಕೆ ಹಂಚುವ ವಿದ್ಯಾರ್ಥಿವೇತನಕ್ಕೆ ಸಮನಾಗಿದ್ದಿತು. ಕೂಟದವರು ಹೆಸರನ್ನು ಬಿಟ್ಟರು, ವಿದ್ಯಾರ್ಥಿವೇತನವನ್ನು ಬಿಡಲಿಲ್ಲ.

ಈ ಸಂಗತಿಯನ್ನು ಕೇಳಿದ ಮೇಲಿನ ತರಗತಿಯ ಕೆಲವರು, “ಹಾಗಾದರೆ ನಾವೂ ನಾಲ್ಕು ಹೆಸರುಗಳನ್ನು ಕೊಂಡಿಡಬಾರದೇಕೆ?” ಎಂದು ಪ್ರಶ್ನಿಸಿದರು. ಪ್ರಶ್ನೆ ಸಹಜವಾದುದೇ. ಹೀಗೆ ಕೊಂಡು ಮಾರಿ ಲಾಭ ಪಡೆದವರು ಇಲ್ಲವೆಂದು ನಾವು ಹೇಳಲಾರೆವು. ಆದರೂ ಈ ದಾರಿಯನ್ನು ಹಿಡಿಯುವ ಮೊದಲು ಕೆಲವು ಮಾತುಗಳನ್ನು ಯೋಚಿಸುವುದು ಒಳಿತು.

ಅಂತರಜಾಲದಲ್ಲಿ ದೇಶ ದೇಶಕ್ಕೂ ಎರಡೆರಡು ಅಕ್ಷರಗಳ ಗುರುತುಂಟು. ಭಾರತಕ್ಕೆ ‘ಇನ್’ ದೊರೆತುದು 1989ರಲ್ಲಿ. ಪೆಸಿಫಿಕ್ ಸಾಗರದ ಪುಟ್ಟ ದ್ವೀಪರಾಷ್ಟ್ರವಾದ ಟುವಾಲುವಿಗೆ ಬಂದುದು ‘ಟಿವಿ’. ದೂರದರ್ಶನದ ವ್ಯವಹಾರಸ್ಥರು ಆ ಅಕ್ಷರಗಳಿಗೆ ಮುಗಿಬಿದ್ದರು. ಅದರಿಂದ ಬಂದ ಹಣದ ನೆರವಿನಿಂದಲೇ ಟುವಾಲು 2000ದಲ್ಲಿ ವಿಶ್ವಸಂಸ್ಥೆಯ ಸದಸ್ಯತ್ವವನ್ನು ಪಡೆಯಿತು. ಕೆರಿಬಿಯನ್ ಸಮುದ್ರದ ಆಂಗ್ವಿಲ ದ್ವೀಪದ ಪಾಲಿಗೆ ಬಂದುದು ‘ಎಐ’. ಕೃತಕ ಬುದ್ಧಿಮತ್ತೆಯ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳೂ ಅವೇ ಆದುದರಿಂದ, 2023ರಲ್ಲಿ ಅಲ್ಲಿನ ಸರ್ಕಾರಕ್ಕೆ ಸುಮಾರು 3 ಕೋಟಿ 20 ಲಕ್ಷ ಡಾಲರುಗಳ ವರಮಾನ ಬಂದಿತು. ಅದು ಸರ್ಕಾರದ ಒಟ್ಟು ಆದಾಯದಲ್ಲಿ ಐದರಲ್ಲಿ ಒಂದು ಪಾಲಿಗಿಂತಲೂ ಹೆಚ್ಚು.

“ದೇಶಗಳೇ ಅಕ್ಷರಗಳನ್ನು ಮಾರುತ್ತಿರುವಾಗ ನಾವು ಮಾರಿದರೆ ತಪ್ಪೇನು?” ಎಂದು ನೀವು ಕೇಳಬಹುದು. ಭೇದವಿದೆ. ಆ ಹಣ ಸೇರಿದುದು ಜನರೆಲ್ಲರ ಬೊಕ್ಕಸಕ್ಕೆ. ಅಂತರಜಾಲದ ಹೆಸರುಗಳ ವ್ಯವಸ್ಥೆಯನ್ನು ರೂಪಿಸಿದವರಲ್ಲಿ ಪ್ರಮುಖರಾದ ಜಾನ್ ಪೋಸ್ಟೆಲ್ ಅವರು 1994ರಲ್ಲಿಯೇ ಇದರ ನೀತಿಯನ್ನು ತಿಳಿಯಪಡಿಸಿದ್ದರು: ದೇಶದ ಅಕ್ಷರಗಳನ್ನು ನೋಡಿಕೊಳ್ಳುವವರು ಒಡೆತನದ ಹಕ್ಕನ್ನು ಕುರಿತಲ್ಲ, ಹೊಣೆಯನ್ನೂ ಸಮುದಾಯದ ಸೇವೆಯನ್ನೂ ಕುರಿತು ಯೋಚಿಸತಕ್ಕದ್ದು. ಬೀಗ ಹಾಕಿಟ್ಟ ಹೆಸರು ಯಾರ ಸೇವೆಯನ್ನು ಮಾಡುತ್ತದೆ?

ಇನ್ನು ಲಾಭದ ಮಾತು. ಮುಂಬಯಿಯಲ್ಲಿ ಬೆಳೆದ ನಿಮಗೆ ಸ್ವಂತ ಮನೆಗೂ ಹನ್ನೊಂದು ತಿಂಗಳ ಕರಾರಿನ ಕೋಣೆಗೂ ಇರುವ ಅಂತರವನ್ನು ವಿವರಿಸಬೇಕಾಗಿಲ್ಲ. ಹೆಸರನ್ನು ‘ಕೊಂಡೆ’ನೆನ್ನುವವನು ನಿಜವಾಗಿ ಬಾಡಿಗೆದಾರನೇ. ಅವಧಿ ಮುಗಿದೊಡನೆ ಮತ್ತೆ ಶುಲ್ಕವನ್ನು ತೆರಬೇಕು. ಕೊಳ್ಳುವವರು ಬಾರದಿದ್ದರೂ ತೆರಬೇಕು. ಮಾಲೀಕನ ನಿಯಮ ಬದಲಾದರೆ ಕೋಣೆಯೇ ಹೋಗಬಹುದು. ಯುಗೊಸ್ಲಾವಿಯ ಒಡೆದುಹೋದ ಮೇಲೆ ಅದರ ‘ವೈಯು’ ಎಂಬ ಗುರುತು 2010ರಲ್ಲಿ ಅಳಿದುಹೋಯಿತು. ಬ್ರಿಟನ್ ಯುರೋಪಿಯನ್ ಒಕ್ಕೂಟದಿಂದ ಹೊರಬಂದುದರಿಂದ, 2021ರ ಆರಂಭದಲ್ಲಿ ಅಲ್ಲಿನ ಸಾವಿರಾರು ಮಂದಿಯ ‘ಇಯು’ ಹೆಸರುಗಳು ಅಮಾನತಿನಲ್ಲಿ ಬಿದ್ದವು. ನಮ್ಮ ‘ಇನ್’ ವಿಷಯದಲ್ಲಿಯೂ, ಪರರ ವ್ಯಾಪಾರಮುದ್ರೆಯನ್ನು ಅವರಿಗೇ ಮಾರುವ ದುರುದ್ದೇಶದಿಂದ ಹಿಡಿದಿಟ್ಟವನು ತಕರಾರಿನಲ್ಲಿ ಸೋತು ಅದನ್ನು ಕಳೆದುಕೊಳ್ಳಬಹುದು. ಹೀಗಿರುವಾಗ ಇದನ್ನು ನಿಶ್ಚಿತವಾದ ಉಳಿತಾಯವೆಂದು ತಿಳಿಯುವುದು ಅವಿವೇಕ.

ಹೆಸರುಗಳನ್ನು ಕೊಳ್ಳಲೇಬೇಡಿರೆಂದು ನಾವು ಹೇಳುತ್ತಿಲ್ಲ. ಒಂದು ಹೆಸರನ್ನು ಪಡೆಯಿರಿ, ಅದರಲ್ಲಿ ವಾಸಮಾಡಿರಿ. ಇಂದು ಕನ್ನಡ ಲಿಪಿಯಲ್ಲಿಯೇ ‘ಭಾರತ’ ಎಂಬ ಕೊನೆಯುಳ್ಳ ವಿಳಾಸಕ್ಕೂ ಸ್ಥಾನವಿದೆ. ಹಗಲು ಹೋಟೆಲುಗಳಲ್ಲಿ ದುಡಿದು ಇರುಳು ರಾತ್ರಿಶಾಲೆಗಳಲ್ಲಿ ಕನ್ನಡವನ್ನು ಕಲಿತ ಈ ನಗರದ ಹಿರಿಯರ ನೆನಪುಗಳನ್ನು ನೀವು ಬರೆದುಕೊಂಡು, ಅಂಥ ವಿಳಾಸವೊಂದರಲ್ಲಿ ಇರಿಸಿದರೆ, ಆ ಹೆಸರಿನ ಬೆಲೆ ನಿಮ್ಮ ದುಡಿಮೆಯಿಂದ ಏರೀತು. ಅದನ್ನು ನಾವು ಹೂಡಿಕೆಯೆಂದು ಕರೆಯಲು ಹಿಂಜರಿಯೆವು.

ನಮ್ಮ ನುಡಿಯಲ್ಲಿ ಹೆಸರನ್ನು ಗಳಿಸುತ್ತಾರೆ, ಹೆಸರನ್ನು ಉಳಿಸುತ್ತಾರೆ, ಅಜಾಗರೂಕರಾದರೆ ಕೆಡಿಸಿಕೊಳ್ಳುತ್ತಾರೆ. ಹೆಸರನ್ನು ಕೂಡಿಹಾಕುತ್ತಾರೆಂಬ ಮಾತು ನಮ್ಮಲ್ಲಿ ಬಳಕೆಗೆ ಬಂದಿಲ್ಲ. ವಿದ್ಯಾರ್ಥಿಮಿತ್ರರೇ, ಅದು ನಿಮ್ಮಿಂದ ಬಳಕೆಗೆ ಬಾರದಿರಲಿ ಎಂಬುದೇ ನಮ್ಮ ಹಾರೈಕೆ.