ಮೊದಲ ಐದು ನಿಮಿಷದ ಸಂಯಮ

ಶೃಂಗೇರಿಯಿಂದ ಕಿಗ್ಗದ ದಾರಿ ಹಿಡಿದು ಮುಂದೆ ಸಾಗಿದವರಿಗೆ ಸಿರಿಮನೆಯ ಜಲಪಾತ ಸಿಕ್ಕುತ್ತದೆ. ಬೇಸಗೆಯ ರಜೆಯಲ್ಲಿ ಅದನ್ನು ನೋಡಿ ಬಂದ ವಾಚಕರು ಆ ಸೀಮೆಯನ್ನು ಅರ್ಧ ಮಾತ್ರ ಕಂಡಂತಾಯಿತು. ಆಷಾಢದಲ್ಲಿ ಅಲ್ಲಿ ಜಲಪಾತವೆಂದು ಬೇರೆ ಹುಡುಕಬೇಕಾಗಿಲ್ಲ. ಪ್ರತಿ ಮನೆಯ ಸೂರೂ ಒಂದು ಜಲಪಾತವೇ. ಸಮೀಪದ ಆಗುಂಬೆಯಲ್ಲಿ ವರ್ಷವೊಂದಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆಂಬುದು ಭೂಗೋಳದ ವಿದ್ಯಾರ್ಥಿಗಳಿಗೆ ತಿಳಿದ ಸಂಗತಿ. ಜೂನ್ ತಿಂಗಳಲ್ಲಿ ಹಿಡಿದ ಮಳೆ ಸೆಪ್ಟೆಂಬರಿನವರೆಗೆ ಸುರಿಯುತ್ತಿರುವಾಗ ಶಾಲೆಯ ಆಟದ ಬಯಲು ಕೆಸರುಗದ್ದೆಯಾಗುತ್ತದೆ. ಆ ಕಾಲದಲ್ಲಿ ತಿರುವುಗಳೇ ತುಂಬಿದ ರಸ್ತೆಯಲ್ಲಿ ಸೈಕಲನ್ನು ವೇಗವಾಗಿ ಹೊಡೆಯಿರೆಂದು ಮಕ್ಕಳಿಗೆ ಹೇಳಲು ಯಾವ ಹಿರಿಯರಿಗೂ ಮನಸ್ಸು ಬಾರದು.

ಆದುದರಿಂದ ಕಳೆದ ಮಳೆಗಾಲದಲ್ಲಿ ಆ ಕಡೆಯ ನಮ್ಮ ಬಂಧುಗಳ ಮನೆಗೆ ಹೋದಾಗ ಜಗುಲಿಯ ಮೇಲೆ ಒಂದು ಸೈಕಲು ನಿಂತಿದ್ದುದನ್ನು ಕಂಡು ನಮಗೆ ಆಶ್ಚರ್ಯವಾಗಲಿಲ್ಲ. ಹಿಂದಿನ ಗಾಲಿಯನ್ನು ಕಳಚಿ, ಸೈಕಲನ್ನು ಟ್ರೇನರ್ ಎಂಬ ಯಂತ್ರಕ್ಕೆ ಬಿಗಿದಿದ್ದರು. ಎಷ್ಟು ತುಳಿದರೂ ಸೈಕಲು ಅಡಿಕೆ ಚಪ್ಪರದ ಕಡೆಗೆ ಒಂದಂಗುಲವೂ ಸರಿಯದು. ತುಳಿಯುವವನ ಸಾಮರ್ಥ್ಯ ಎಷ್ಟು ವಾಟ್ ಎಂಬುದು ಮಾತ್ರ ಎದುರಿನ ಫಲಕದ ಮೇಲೆ ಮೂಡುತ್ತದೆ. ಆ ಮನೆಯ ಹುಡುಗ ಪದವಿಪೂರ್ವ ತರಗತಿಯಲ್ಲಿ ಓದುತ್ತಾನೆ. ಸೈಕಲ್ ಪಂದ್ಯಗಳಲ್ಲಿ ಅವನಿಗೆ ಬಹಳ ಆಸಕ್ತಿ. ಜುಲೈ ತಿಂಗಳಲ್ಲಿ ಪಟ್ಟಣವೊಂದರಲ್ಲಿ ನಡೆದ ತರಬೇತಿಯ ಆಯ್ಕೆಗೆ ಹೋಗಿ ಬಂದಿದ್ದ. ಅಲ್ಲಿ ಇಂತಹುದೇ ಯಂತ್ರದ ಮೇಲೆ 20 ನಿಮಿಷ ತುಳಿಸಿ, ಬಂದ ಸರಾಸರಿಯಲ್ಲಿ ಶೇಕಡ 95 ಭಾಗವನ್ನು ತೆಗೆದು, ಅದೇ ಇವನ ಹೊಸ್ತಿಲ ಸಾಮರ್ಥ್ಯವೆಂದು ಬರೆದುಕೊಂಡರು. ಇವನ ಹೆಸರಿನ ಮುಂದೆ ಬಿದ್ದ ಅಂಕಿ 183. ಪಟ್ಟಿಗೆ ಸೇರಲು 190 ಬೇಕಾಗಿತ್ತು. ಹುಡುಗ ಮನೆಗೆ ಬಂದು ಎರಡು ದಿನ ಯಾರೊಡನೆಯೂ ಮಾತನಾಡಲಿಲ್ಲವಂತೆ.

ಆ ಅಂಕಿ ಏನನ್ನು ಅಳೆಯಿತು ಎಂಬುದೇ ಇಲ್ಲಿ ನಮ್ಮ ಪ್ರಶ್ನೆ.

ಮೊದಲು ವಾಟ್ ಎಂದರೇನೆಂಬುದನ್ನು ನೆನೆಯೋಣ. 20 ಲೀಟರು ಹಿಡಿಯುವ ಕೊಡದ ನೀರನ್ನು ಸೆಕೆಂಡಿಗೆ ಒಂದು ಮೀಟರಿನಂತೆ ಎತ್ತುತ್ತಲೇ ಇದ್ದರೆ ಅದು ಸುಮಾರು 200 ವಾಟ್ ಸಾಮರ್ಥ್ಯದ ಕೆಲಸ. ಮಲೆನಾಡಿನ ಅನೇಕ ಮನೆಗಳಲ್ಲಿ ತೊರೆಯ ನೀರಿನಿಂದ ವಿದ್ಯುತ್ತು ತೆಗೆಯುವ ಕಿರು ಯಂತ್ರಗಳಿವೆ. ಸೆಕೆಂಡಿಗೆ 5 ಲೀಟರು ನೀರು 20 ಮೀಟರು ಎತ್ತರದಿಂದ ಬಿದ್ದರೆ 980 ವಾಟ್ ಆಗುತ್ತದೆ. ಅದರಲ್ಲಿ ಅರ್ಧದಷ್ಟು ತಂತಿಗೆ ಬಂದರೂ ಮನೆಯ ದೀಪಗಳು ಉರಿಯುತ್ತವೆ. ಇದರ ಪಕ್ಕದಲ್ಲಿ ಇಟ್ಟು ನೋಡಿದರೆ ಬೆವರು ಸುರಿಸಿ 200 ವಾಟ್ ಕೊಡುವ ಹುಡುಗನ ಕಾಲುಗಳು ಸಾಧಾರಣ ಯಂತ್ರವೇನೂ ಅಲ್ಲ.

ಹೊಸ್ತಿಲ ಸಾಮರ್ಥ್ಯವೆಂಬುದನ್ನು ತಿಳಿಯಲು ಅದೇ ಮನೆಯ ಬಚ್ಚಲಿಗೆ ಹೋಗೋಣ. ಗುಡ್ಡದ ಒರತೆಯಿಂದ ಅಡಿಕೆಯ ದಂಬೆಯಲ್ಲಿ ಹರಿದು ಬರುವ ನೀರು ತೊಟ್ಟಿಗೆ ಬೀಳುತ್ತಿರುತ್ತದೆ. (ಈಗ ದಂಬೆಯ ಸ್ಥಾನಕ್ಕೆ ಬಹುಮಟ್ಟಿಗೆ ಪ್ಲಾಸ್ಟಿಕ್ಕಿನ ಕೊಳವೆ ಬಂದಿದೆಯೆಂಬುದನ್ನು ನಾವು ಬಲ್ಲೆವು, ನಮ್ಮ ಉಪಮಾನಕ್ಕೆ ದಂಬೆಯೇ ಇರಲಿ.) ದಂಬೆ ತರುವಷ್ಟೇ ನೀರನ್ನು ಬಳಸುತ್ತಿದ್ದರೆ ತೊಟ್ಟಿ ತಗ್ಗದು. ಅದಕ್ಕಿಂತ ಹೆಚ್ಚು ಮೊಗೆದರೆ ತೊಟ್ಟಿಯ ನೀರು ಇಳಿಯುತ್ತ ಹೋಗಿ ಕೊನೆಗೊಮ್ಮೆ ತಳ ಕಾಣುತ್ತದೆ. ದೇಹದಲ್ಲಿ ಉಸಿರಿನ ಆಮ್ಲಜನಕದ ಬಲದಿಂದ ಬಹುಕಾಲ ನಡೆಸಬಹುದಾದ ಕೆಲಸವೇ ದಂಬೆಯ ನೀರು. ಆಮ್ಲಜನಕವನ್ನು ಕಾಯದೆ ಸ್ನಾಯುಗಳು ಒದಗಿಸಬಲ್ಲ ಅಲ್ಪ ದಾಸ್ತಾನು ತೊಟ್ಟಿಯ ನೀರು. ಸ್ನಾಯುಗಳ ಕೆಲಸಕ್ಕೂ ಅವು ಬಳಲುವ ಕಾಲಕ್ಕೂ ಇರುವ ಸಂಬಂಧವನ್ನು ಹೀಗೆ ಎರಡು ಭಾಗ ಮಾಡಿ ಲೆಕ್ಕಕ್ಕೆ ತಂದವರು ಫ್ರಾನ್ಸಿನ ಮೊನೊ ಮತ್ತು ಶೆರೆರ್ ಎಂಬ ಇಬ್ಬರು ಶರೀರವಿಜ್ಞಾನಿಗಳು. ಅವರ ಲೇಖನ ಪ್ರಕಟವಾದದ್ದು 1965ರಲ್ಲಿ. ಸೈಕಲ್ ಸವಾರರಲ್ಲಿ 20 ನಿಮಿಷದ ಪರೀಕ್ಷೆ ಮನೆಮಾತಾದದ್ದು ಅದಕ್ಕೆ ಬಹಳ ಈಚೆಗೆ, ಅಮೆರಿಕದ ಹಂಟರ್ ಆಲೆನ್ ಮತ್ತು ಆಂಡ್ರ್ಯೂ ಕಾಗನ್ 2006ರಲ್ಲಿ ಹೊರತಂದ ಪುಸ್ತಕದಿಂದ. ಒಂದು ಗಂಟೆಯ ಕಾಲ ಸಮನಾಗಿ ನಡೆಸಬಲ್ಲ ಸಾಮರ್ಥ್ಯ ಎಷ್ಟೆಂದು ತಿಳಿಯುವುದು ಅವರ ಉದ್ದೇಶ. ಗಂಟೆಯ ಪರೀಕ್ಷೆ ಕಠೋರವಾದದ್ದು; ಅದಕ್ಕೆ ಬದಲಾಗಿ 20 ನಿಮಿಷ, ಮತ್ತು ತೊಟ್ಟಿಯ ನೀರಿಗಾಗಿ ಶೇಕಡ 5ರ ಕಳೆತ.

ಈ ಕಳೆತದ ಅರ್ಥವನ್ನು ವಿದ್ಯಾರ್ಥಿಗಳು ಕಾಗದದ ಮೇಲೆ ತಾವೇ ಮಾಡಿ ನೋಡಬಹುದು. ಒಬ್ಬನ ಹೊಸ್ತಿಲು 200 ವಾಟ್, ಅವನ ತೊಟ್ಟಿಯಲ್ಲಿರುವುದು 15,000 ಜೂಲ್ ಎಂದಿಟ್ಟುಕೊಳ್ಳಿ. 20 ನಿಮಿಷವೆಂದರೆ 1200 ಸೆಕೆಂಡು. 15,000ವನ್ನು 1200ರಿಂದ ಭಾಗಿಸಿದರೆ ಹನ್ನೆರಡೂವರೆ. ಎಂದರೆ ಅವನು ಆದಿಯಿಂದ ಅಂತ್ಯದವರೆಗೆ 212.5 ವಾಟ್ ನಡೆಸಿ, ಸರಿಯಾಗಿ ಕೊನೆಯ ಸೆಕೆಂಡಿನಲ್ಲಿ ತೊಟ್ಟಿಯನ್ನು ಬರಿದು ಮಾಡಬಲ್ಲ. ಅದರ ಶೇಕಡ 95 ಸುಮಾರು 202. ನಿಜವಾದ 200ಕ್ಕೆ ಇದು ಬಹಳ ಹತ್ತಿರ. ತೊಟ್ಟಿ ದೊಡ್ಡದಾಗಿ 24,000 ಜೂಲ್ ಇದ್ದವನಿಗೆ ಅದೇ ಹೊಸ್ತಿಲಿಗೆ 209 ಬರುತ್ತದೆ. 6,000 ಜೂಲ್ ಮಾತ್ರ ಇರುವವನಿಗೆ 195. ಆಲೆನ್ ಮತ್ತು ಕಾಗನ್ ಅವರ ವಿಧಾನದಲ್ಲಿ 20 ನಿಮಿಷಕ್ಕೆ ಮೊದಲು 5 ನಿಮಿಷ ಪೂರ್ಣಬಲದಿಂದ ತುಳಿದು ತೊಟ್ಟಿಯನ್ನು ತಗ್ಗಿಸುವ ಕ್ರಮವುಂಟು. ಅನೇಕ ಕಡೆ ಆ 5 ನಿಮಿಷವನ್ನು ಬಿಟ್ಟು ಶೇಕಡ 95ನ್ನು ಮಾತ್ರ ಉಳಿಸಿಕೊಂಡಿದ್ದಾರೆ. ಔಷಧವನ್ನು ಮರೆತು ಅನುಪಾನವನ್ನು ಸೇವಿಸಿದಂತೆ ಇದು.

ಈಗ ನಮ್ಮ ಹುಡುಗನ ಸಂಗತಿಗೆ ಬರೋಣ. ಆಯ್ಕೆಯ ದಿನ ಸೀಟಿ ಊದಿದೊಡನೆ ಅವನು 260 ವಾಟಿನಲ್ಲಿ ಹೊರಟ. ಸುತ್ತಲಿದ್ದವರು ಚಪ್ಪಾಳೆ ತಟ್ಟಿದರು. ಮೇಲ್ವಿಚಾರಕರು 'ಇನ್ನೂ ಹೊಡಿ, ಇನ್ನೂ ಹೊಡಿ' ಎಂದು ಕೂಗಿದರು. ಅವನಿಗೂ ಅದು ಸುಲಭವೆನಿಸಿತಂತೆ. ಈ ಸುಲಭವೇ ಮೋಸ. ಕೆಲಸ ಆರಂಭವಾದ ಕೂಡಲೇ ದೇಹವು ಬೇಕಾದಷ್ಟು ಆಮ್ಲಜನಕವನ್ನು ಬಳಸತೊಡಗುವುದಿಲ್ಲ; ಆ ಏರಿಕೆಗೆ ಎರಡು ಮೂರು ನಿಮಿಷ ಬೇಕು. ಅಲ್ಲಿಯವರೆಗಿನ ಕೊರತೆಯನ್ನು ತೊಟ್ಟಿ ತುಂಬುತ್ತದೆ. ಉಸಿರಾಗಲಿ ಎದೆಬಡಿತವಾಗಲಿ ಆ ಸಾಲದ ಸುದ್ದಿಯನ್ನು ಕೂಡಲೇ ತಿಳಿಸುವುದಿಲ್ಲ. 200ರ ಹೊಸ್ತಿಲಿನ ಮೇಲೆ 60 ವಾಟ್ ಹೆಚ್ಚು ತುಳಿದರೆ 15,000 ಜೂಲ್ ಮುಗಿಯಲು 250 ಸೆಕೆಂಡು ಸಾಕು, ಎಂದರೆ 4 ನಿಮಿಷ 10 ಸೆಕೆಂಡು.

ಜಾಣ ವಿದ್ಯಾರ್ಥಿಯೊಬ್ಬ ಇಲ್ಲಿ ಆಕ್ಷೇಪಿಸಬಹುದು: ತೊಟ್ಟಿ ಬರಿದಾದ ಮೇಲೆಯೂ ದಂಬೆಯ 200 ವಾಟ್ ಬರುತ್ತಲೇ ಇರುತ್ತದಲ್ಲ, ಮೊದಲು ಮೊಗೆದರೇನು, ಕೊನೆಗೆ ಮೊಗೆದರೇನು, ಒಟ್ಟು ಮೊತ್ತ ಒಂದೇ ಅಲ್ಲವೆ? ಗಣಿತದ ಮಟ್ಟಿಗೆ ಆಕ್ಷೇಪಣೆ ಸರಿಯಾದದ್ದು. ಅವನನ್ನು ನಾವು ಅಭಿನಂದಿಸುತ್ತೇವೆ. ಆದರೆ ಮನುಷ್ಯ ತೊಟ್ಟಿಯಲ್ಲ. ದಾಸ್ತಾನು ತೀರಿದ ಕಾಲುಗಳು ಹೊಸ್ತಿಲ ಮೇಲೆ ನಿಲ್ಲಲಾರದೆ ಅದರ ಕೆಳಕ್ಕೆ ಕುಸಿಯುತ್ತವೆ. ಮೈ ಕಾದಿರುತ್ತದೆ, ಮುಂದೆ 16 ನಿಮಿಷ ಉಳಿದಿದೆಯೆಂಬ ಅರಿವೇ ಎದೆಗುಂದಿಸುತ್ತದೆ. ಹುಡುಗ ಉಳಿದ 950 ಸೆಕೆಂಡುಗಳನ್ನು ಸುಮಾರು 175 ವಾಟಿನಲ್ಲಿ ಕಳೆದ. ಸರಾಸರಿ 193 ಆಯಿತು. ಅದರ ಶೇಕಡ 95 ಆ 183. ಅಲ್ಲಿ ಅಳೆಯಲ್ಪಟ್ಟದ್ದು ಅವನ ಹೊಸ್ತಿಲಲ್ಲ; ಅವನ ಆತುರ, ಜೊತೆಗೆ ಪ್ರೇಕ್ಷಕರ ಚಪ್ಪಾಳೆ.

ಈ ತಪ್ಪು ಹಳ್ಳಿಯ ಹುಡುಗನೊಬ್ಬನದೇ ಅಲ್ಲ. 1972ರ ಅಕ್ಟೋಬರ್ 25ರಂದು ಮೆಕ್ಸಿಕೋ ನಗರದಲ್ಲಿ ಬೆಲ್ಜಿಯಂನ ಎಡ್ಡಿ ಮರ್ಕ್ಸ್ ಒಂದು ಗಂಟೆಯಲ್ಲಿ 49.431 ಕಿಲೋಮೀಟರು ಕ್ರಮಿಸಿ ವಿಶ್ವದಾಖಲೆ ಸ್ಥಾಪಿಸಿದ. ಅವನೂ ಆರಂಭದ ಕಿಲೋಮೀಟರುಗಳನ್ನು ಅತಿವೇಗದಿಂದ ಹೊಡೆದು, ಬಳಿಕ ವೇಗ ತಗ್ಗಿ, ಉಳಿದ ಕಾಲವನ್ನು ಬಹಳ ಯಾತನೆಯಿಂದ ಕಳೆದ. ದಾಖಲೆಯೇನೋ ಆಯಿತು, ಆದರೆ ಅವನು ಮರ್ಕ್ಸ್.

ನಾವು ಆ ಮನೆಯಲ್ಲಿದ್ದ ಹತ್ತು ದಿನಗಳಲ್ಲಿ ಹುಡುಗ ಮೂರು ಸಲ ಪರೀಕ್ಷೆ ಮಾಡಿದ. ಮೊದಲ ಸಲ ನಾವು ಏನನ್ನೂ ಹೇಳಲಿಲ್ಲ: 186. ಎರಡನೆಯ ಸಲ, ಮೊದಲ ಐದು ನಿಮಿಷ 195 ವಾಟನ್ನು ದಾಟಕೂಡದೆಂದು ಕಟ್ಟು ಹಾಕಿದೆವು. 'ಇದೇನು ಮಾವ, ಹಾಲು ಹಾಕಲು ಡೈರಿಗೆ ಹೋದಂತೆ ಹೋಗಬೇಕೆ?' ಎಂದು ಅವನು ಗೊಣಗಿದ. ಅಂದು 197 ಬಂತು, ಕೊನೆಗೆ ಸ್ವಲ್ಪ ಶಕ್ತಿ ಉಳಿದೂ ಇತ್ತು. ಮೂರನೆಯ ಸಲ ಅರ್ಧದಲ್ಲಿ ವಿದ್ಯುತ್ತು ಹೋಗಿ ಫಲಕವೂ ಫ್ಯಾನೂ ನಿಂತುಹೋದವು. ಮಲೆನಾಡಿನ ಮಳೆಗಾಲದಲ್ಲಿ ಇದನ್ನು ಪ್ರಯೋಗದ ಅಂಗವೆಂದೇ ಎಣಿಸಬೇಕು. ಎರಡು ದಿನ ವಿಶ್ರಮಿಸಿ ಅದನ್ನೇ ಮತ್ತೆ ಮಾಡಿದಾಗ ಬಂದ ಅಂಕಿ 203. ಹತ್ತು ದಿನಗಳಲ್ಲಿ ಕಾಲಿನ ಸ್ನಾಯುಗಳು ಇಷ್ಟು ಬದಲಾಗವು. ಆಯ್ಕೆಯ ಸ್ಥಳದ ಯಂತ್ರಕ್ಕೂ ಜಗುಲಿಯ ಯಂತ್ರಕ್ಕೂ ನಾಲ್ಕಾರು ವಾಟ್ ವ್ಯತ್ಯಾಸವಿರಬಹುದು. ಆದರೆ 186 ಮತ್ತು 203 ಒಂದೇ ಯಂತ್ರದ ಮೇಲಿನ ಅಂಕಿಗಳು.

ಪರೀಕ್ಷೆಗೆ ಕೂರುವ ವಿದ್ಯಾರ್ಥಿಗಳಿಗೆ ನಾವು ಹೇಳುವುದಿಷ್ಟು. ಮೊದಲ ಐದು ನಿಮಿಷ, ನಡೆಸಬಲ್ಲೆನೆಂದು ಊಹಿಸಿದ ಸರಾಸರಿಗಿಂತ ತುಸು ಕೆಳಗಿರಿ. ಆಗ ಒಂದು ಚಿಕ್ಕ ವಾಕ್ಯವನ್ನು ಉಸಿರು ಕಡಿಯದೆ ಹೇಳಲು ಬರಬೇಕು. ಹತ್ತನೆಯ ನಿಮಿಷಕ್ಕೆ ಕಷ್ಟವಾಗತೊಡಗುವುದು ಸರಿ. ಅಷ್ಟರೊಳಗೆ ಅಸಹ್ಯವಾದರೆ ಆರಂಭ ತಪ್ಪಾಯಿತೆಂದು ತಿಳಿಯಿರಿ. ಉಳಿದದ್ದನ್ನೆಲ್ಲ ಕೊನೆಯ ಐದು ನಿಮಿಷಕ್ಕೆ ಸುರಿಯಬಹುದು. ಕ್ಷಣಕ್ಷಣಕ್ಕೂ ಕುಣಿಯುವ ಅಂಕಿಯನ್ನು ನೋಡದೆ ಅರ್ಧ ನಿಮಿಷದ ಸರಾಸರಿಯನ್ನು ನೋಡಿ. ಎದುರಿಗೆ ಫ್ಯಾನ್ ಇರಲಿ: ನಿಂತ ಸೈಕಲಿಗೆ ಗಾಳಿ ತಾಗದು, ತೇವ ತುಂಬಿದ ಹವೆಯಲ್ಲಿ ಬೆವರು ಆರದು, ಮೈ ಕಾದಂತೆ ಸಾಮರ್ಥ್ಯ ಇಳಿಯುತ್ತದೆ. ಹೃದಯದ ಅಥವಾ ಉಬ್ಬಸದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಈ ಗೊಡವೆಗೆ ಹೋಗಲೇಬಾರದು.

ಆಯ್ಕೆ ಮಾಡುವವರಿಗೆ ಹೇಳಬೇಕಾದದ್ದು ಇದಕ್ಕಿಂತ ಮುಖ್ಯ. ಅಭ್ಯಾಸವಿಲ್ಲದ ಹುಡುಗರ ಮೊದಲನೆಯ ಪರೀಕ್ಷೆಯ ಅಂಕಿಯಿಂದ ಯಾರನ್ನೂ ತಳ್ಳಿಹಾಕಕೂಡದೆಂಬುದೇ ನಮ್ಮ ಸ್ಪಷ್ಟ ಅಭಿಪ್ರಾಯ. ಬಲವನ್ನು ಹದವರಿತು ಖರ್ಚುಮಾಡುವುದೂ ಆಟಗಾರನ ಯೋಗ್ಯತೆಯೇ ಅಲ್ಲವೆ ಎಂದು ಅನುಭವಿ ಶಿಕ್ಷಕರೊಬ್ಬರು ನಮ್ಮೊಡನೆ ವಾದಿಸಿದರು. ಪಂದ್ಯದ ಮಟ್ಟಿಗೆ ಅವರ ಮಾತನ್ನು ಒಪ್ಪುತ್ತೇವೆ. ಹಾಗಾದರೆ ಅದನ್ನು ಪಂದ್ಯವೆಂದೇ ಕರೆಯಲಿ. ಶರೀರದ ಅಳತೆಯೆಂದು ವಹಿಯಲ್ಲಿ ಬರೆಯುವುದೇಕೆ? ಮೂರು ಸಲ ತುಳಿದರೆ ಬರುವ ಹದವನ್ನು ಒಮ್ಮೆಯೂ ಕಲಿಸದೆ, ಅದು ಬಾರದವನಿಗೆ ಕಾಲಿನ ಶಕ್ತಿಯೇ ಇಲ್ಲವೆಂದು ತೀರ್ಮಾನಿಸುವುದು ವಿಜ್ಞಾನವಲ್ಲ. ಮನೆಯಲ್ಲಿ ಯಂತ್ರವಿರುವ ಪಟ್ಟಣದ ಹುಡುಗ ಈ ಹದವನ್ನು ಕಲಿತೇ ಬಂದಿರುತ್ತಾನೆ. ಅಂತಹ ಯಂತ್ರವನ್ನು ಅಂದೇ ಮೊದಲು ಕಂಡ ಹಳ್ಳಿಯ ಹುಡುಗಿ ಸೋತುಹೋಗುತ್ತಾಳೆ.

ಪ್ರತಿ ನಿಮಿಷಕ್ಕೂ ಭಾರ ಏರಿಸುತ್ತ ಹೋಗಿ, ಸೋತ ನಿಮಿಷದ ಶೇಕಡ 75ನ್ನು ಹಿಡಿಯುವ ಇನ್ನೊಂದು ಪರೀಕ್ಷೆಯುಂಟು. ಅದರಲ್ಲಿ ಹದದ ಪ್ರಶ್ನೆ ಏಳದು, ನಿಜ; ಆದರೆ ದೊಡ್ಡ ತೊಟ್ಟಿಯವರಿಗೆ ಅದು ಇನ್ನಷ್ಟು ಉದಾರಿ.

ಮೂರು ಸಲದ ಪರೀಕ್ಷೆಗೆ ವೇಳೆ ಎಲ್ಲಿಂದ ತರೋಣವೆಂಬುದು ನ್ಯಾಯವಾದ ಪ್ರಶ್ನೆ. 30 ವಿದ್ಯಾರ್ಥಿಗಳಿಗೆ ಒಂದೇ ಯಂತ್ರವಿದ್ದರೆ, ಮೈ ಬೆಚ್ಚಗೆ ಮಾಡಿಕೊಳ್ಳುವ ಕಾಲವನ್ನು ಬಿಟ್ಟೇ 30 ಗಂಟೆಗಳಾಗುತ್ತವೆ. ಕಡಮೆಯಲ್ಲ. ಆದರೆ ಶೃಂಗೇರಿ ಕೊಪ್ಪಗಳ ಸೀಮೆಯಲ್ಲಿ ಆಟದ ಪಿರಿಯಡ್ಡುಗಳು ಮಳೆಗೆ ಆಹುತಿಯಾಗುವ ತಿಂಗಳುಗಳು ನಾಲ್ಕು. ಹುಡುಗರು ಆ ಹೊತ್ತಿನಲ್ಲಿ ಕಿಟಕಿಯ ಬಳಿ ಕುಳಿತು ಹೊರಗಿನ ಮಳೆಯನ್ನು ನೋಡುತ್ತಿರುತ್ತಾರೆ.

ನಾವು ಹೊರಡುವ ದಿನ ಹುಡುಗ ಸೈಕಲಿನ ಹಿಡಿಗೆ ಒಂದು ಚೀಟಿಯನ್ನು ಅಂಟಿಸಿದ್ದ. ಅದರಲ್ಲಿ '5 ನಿಮಿಷ – 195' ಎಂದಿಷ್ಟೇ ಬರೆದಿತ್ತು. ಮುಂದಿನ ಆಯ್ಕೆ ಯಾವಾಗಲೆಂದು ಕೇಳಿದೆವು, ಮುಂದಿನ ವರ್ಷವೆಂದ.